ಶಾಲೆಗೆ ಮೇಷ್ಟ್ರು ಬೇಕಾದ್ರೆ ಹೀಗೆ ಕೇಳಿ

ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನಿದ್ದೇನೆ. ಮೇಷ್ಟ್ರಿಲ್ಲ ಅಂತ ಸುಮ್ನೆ ಗೊಣಗಬೇಡಿ. ಮೊದಲು ಹಾಜರಿ ಪುಸ್ತಕ ತೆಗೆಸಿ, ಮಕ್ಕಳ ಲೆಕ್ಕ ಹಾಕಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು, 60 ದಾಟಿದರೆ ಕನಿಷ್ಠ ಮೂವರು ಶಿಕ್ಷಕರಿರಬೇಕು. ಈ ಲೆಕ್ಕವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ದಿನಾಂಕದ ಸಮೇತ ಸೀಲು ಹಾಕಿಸಿಕೊಳ್ಳಿ. ಕಾಯಂ ಶಿಕ್ಷಕರು ಬರುವವರೆಗೆ ಅತಿಥಿ ಶಿಕ್ಷಕರನ್ನು ಕೇಳಿ.

ಬಂದವರನ್ನು ಉಳಿಸಿಕೊಳ್ಳುವುದೂ ನಮ್ಮ ಕೆಲಸವೇ ಅಲ್ವಾ? ಊರಲ್ಲೇ ಬಾಡಿಗೆ ಮನೆ ಹುಡುಕಿಕೊಡಿ. ಅತಿಥಿ ಶಿಕ್ಷಕಿಗೂ ಸಭೆಯಲ್ಲಿ ಮುಂದಿನ ಸಾಲಲ್ಲಿ ಕುರ್ಚಿ ಹಾಕಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಪಾಠಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ, ಅದೂ ಕಾಯ್ದೆಯಲ್ಲೇ ಇದೆ. ಹಾಕಿದರೆ ಅದನ್ನೂ ನಡಾವಳಿಗೆ ಸೇರಿಸಿ.