ಎರಡನೇ ಪೀಳಿಗೆ ಹೂವಿಗೆ ಬಂದಾಗ

ವಿಜ್ಞಾನಿಯ ಕೆಲಸದಲ್ಲಿ ಹೆಚ್ಚು ಖುಷಿ ಕೊಡುವುದು ಯಾವುದು ಅಂತ ಕೇಳಿದರೆ ನಮ್ಮಲ್ಲಿ ಬಹಳ ಮಂದಿ, ನಾವು ಮಾಡಿದ ತಳಿ ರೈತರ ಹೊಲದಲ್ಲಿ ಬೆಳೆದು ನಿಂತದ್ದನ್ನು ನೋಡುವುದು ಅನ್ನುತ್ತಾರೆ. ಧಾರವಾಡದಲ್ಲಿ ಹತ್ತಿ ತಳಿ ಅಭಿವೃದ್ಧಿ ಮಾಡುವವಳಾಗಿ ಆ ಮಾತಿನ ತೂಕ ನನಗೂ ಗೊತ್ತು. ಆದರೆ ಅಂಥ ದಿನ ಒಬ್ಬರ ನೌಕರಿಯಲ್ಲಿ ಒಂದೆರಡು ಸಲ ಬಂದರೆ ದೊಡ್ಡದು. ಎರಡು ಬೇರೆ ಗಿಡಗಳನ್ನು ಕೂಡಿಸಿ ನಾವು ಮಾಡುವ ಸಂಕರಗಳಲ್ಲಿ ಬಹುಪಾಲು ತಳಿಯಾಗುವುದೇ ಇಲ್ಲ. ತಳಿಯ ಬಿಡುಗಡೆಯೊಂದನ್ನೇ ಕಾಯುತ್ತ ಕೂತವರಿಗೆ ಈ ಕೆಲಸ ಬಹಳ ಬೇಗ ಬೇಸರ ಬರುತ್ತದೆ. ನನ್ನ ಖುಷಿ ಇರುವುದು ಅದಕ್ಕಿಂತ ಎಷ್ಟೋ ಮೊದಲು, ಎಫ್2 ಅನ್ನುವ ಎರಡನೇ ಪೀಳಿಗೆಯ ಹೊಲದಲ್ಲಿ.

ಅಲ್ಲಿಗೆ ಮುಟ್ಟಲು ಎರಡು ಹಂಗಾಮು ಬೇಕು. ಮೊದಲನೆಯದರಲ್ಲಿ ಕ್ರಾಸಿಂಗ್. ನಾಳೆ ಅರಳುವ ಮೊಗ್ಗು ಇವತ್ತು ಮಧ್ಯಾಹ್ನವೇ ಗುರುತು ಹತ್ತುತ್ತದೆ, ಎಸಳಿನ ತುದಿ ಹೊರಗೆ ಇಣುಕಿರುತ್ತದೆ. ಹೆಬ್ಬೆರಳಿನ ಉಗುರನ್ನು ಎಸಳಿನ ಬುಡಕ್ಕೆ ಊರಿ ಸುತ್ತಲೂ ಬಿಡಿಸಿ ಮೆಲ್ಲಗೆ ಎಳೆದರೆ ಎಸಳೂ ಪರಾಗದ ಕೊಳವೆಯೂ ಒಟ್ಟಿಗೇ ಕಳಚಿ ಬರುತ್ತವೆ. ಉಳಿಯುವುದು ಎಳೆಗಾಯಿ, ಅದರ ಮೇಲೆ ಪರಾಗ ಹಿಡಿಯುವ ಒಂದು ಶಲಾಕೆ. ಉಗುರು ಸ್ವಲ್ಪ ಆಳಕ್ಕೆ ಹೋದರೂ ಕಾಯಿ ಉದುರಿತು. ಅದಕ್ಕೆ ಕಾಗದದ ಚೀಲ ಹಾಕಿ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಪರಾಗ ಸವರಿ, ಕೊರಳಿಗೆ ಚೀಟಿ ಕಟ್ಟುವುದು. ಧಾರವಾಡದ ಜಿಟಿಜಿಟಿ ಮಳೆ ಹಿಡಿದ ದಿನ ಈ ಕೆಲಸ ಬಂದ್. ಹತ್ತಿಯ ಪರಾಗಕ್ಕೆ ನೀರು ತಾಕಿದರೆ ಒಡೆದುಬಿಡುತ್ತದೆ.

ಆ ಬೀಜ ಬಿತ್ತಿದರೆ ಬರುವ ಮೊದಲ ಪೀಳಿಗೆ ನೋಡಲು ಚೆಂದ, ಆದರೆ ಎಲ್ಲ ಗಿಡವೂ ಒಂದೇ ನಮೂನೆ. ಅದರೊಳಗೆ ಏನಿದೆ ಅಂತ ತಿಳಿಯಬೇಕಾದರೆ ಅದರದೇ ಬೀಜವನ್ನು ಮತ್ತೆ ಬಿತ್ತಬೇಕು. ಆಗ ತಾಯಿ ತಂದೆಯಿಂದ ಬಂದದ್ದೆಲ್ಲ ಬಿಡಿಬಿಡಿಯಾಗಿ, ಹೊಸ ಜೋಡಣೆಯಲ್ಲಿ ಹೊರಗೆ ಬರುತ್ತದೆ. ಅಮೆರಿಕನ್ ಹತ್ತಿಗೂ ಉದ್ದನೆಯ ಎಳೆಯ ಬಾರ್ಬಡೆನ್ಸ್ ಹತ್ತಿಗೂ ಆದ ಸಂಕರವಾದರಂತೂ ಹೇಳುವುದೇ ಬೇಡ. ಒಂದು ಗಿಡದಲ್ಲಿ ಹಳದಿ ಹೂವು, ಪಕ್ಕದ್ದರಲ್ಲಿ ಕೆನೆಬಣ್ಣ. ಒಂದರ ಎಸಳಿನ ಬುಡದಲ್ಲಿ ಕೆಂಪು ಮಚ್ಚೆ, ಇನ್ನೊಂದು ಎದೆಮಟ್ಟ ಬೆಳೆದರೂ ಮೊಗ್ಗೇ ಇಲ್ಲ, ಮತ್ತೊಂದು ಕುಂಟುತ್ತಲೇ ಇದೆ. ಈ ಹೊಲದ ಯಾವ ಎರಡು ಗಿಡವೂ ಒಂದೇ ಅಲ್ಲ. ಅಲ್ಲಿರುವ ಗಿಡದಂಥದ್ದನ್ನು ಅದಕ್ಕೂ ಮೊದಲು ಯಾರೂ ನೋಡಿಲ್ಲ. ಬೆಳಿಗ್ಗೆ ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿರುವಾಗ ಆ ಸಾಲುಗಳ ನಡುವೆ ಮೊದಲ ಸಲ ಹೋಗುವಾಗಿನ ಆತುರ ಇಷ್ಟು ವರ್ಷವಾದರೂ ನನಗೆ ಕಡಿಮೆಯಾಗಿಲ್ಲ.

ಈ ಖುಷಿಗೆ ಪದವಿ ಬೇಕಾಗಿಲ್ಲ ಅನ್ನುವುದನ್ನು ನಾನು ನೋಡಿದ್ದೇನೆ. ಅಗಲ ಎಲೆಯ ಹತ್ತಿಗೂ ಬೆಂಡೆಯ ಹಾಗೆ ಸೀಳಿದ ಎಲೆಯ ಹತ್ತಿಗೂ ಸಂಕರ ಮಾಡಿ ಎರಡನೇ ಪೀಳಿಗೆ ಬಿತ್ತಿದ್ದೆವು. ಕಳೆ ತೆಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ಕುರ್ಚಿಗಿ ನೆಲಕ್ಕಿಟ್ಟು ಎದ್ದು ನಿಂತು ಕರೆದಳು:

“ಮೇಡಮ್ಮಾರ, ಈ ಪ್ಲಾಟಿನ್ಯಾಗ ಮೂರು ನಮೂನಿ ಎಲಿ ಅದಾವ ನೋಡ್ರಿ. ಒಂದು ಅಗಲ, ಒಂದು ಬೆಂಡಿ ಎಲಿ ಹಂಗ, ಒಂದು ನಡುವಿಂದು. ನಡುವಿಂದು ಭಾಳ ಅದಾವ್ರಿ.”

“ಎಷ್ಟು ಭಾಳ, ಯವ್ವಾ? ಎಣಿಸಿ ಹೇಳ್ತೀ ಏನು?”

ಎಣಿಸಿದಳು, ಸಾಲು ಸಾಲಾಗಿ, ಬೆರಳು ಮಡಚುತ್ತ. ನಾನು ಹಿಂದೆ ಹಿಂದೆ ಬರೆದುಕೊಂಡೆ. ಕೊನೆಗೆ ಹೆಚ್ಚುಕಡಿಮೆ ಒಂದು ಪಾಲು ಅಗಲ, ಎರಡು ಪಾಲು ನಡುವಿನದು, ಒಂದು ಪಾಲು ಬೆಂಡೆ ಎಲೆ. ಮೆಂಡೆಲ್ 1866ರಲ್ಲಿ ಬಟಾಣಿಯ ಬಗ್ಗೆ ಬರೆದ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಅವನ ಬಟಾಣಿಯಲ್ಲಿ ಒಂದು ಗುಣ ಇನ್ನೊಂದನ್ನು ಪೂರ್ತಿ ಮುಚ್ಚಿಬಿಡುತ್ತಿತ್ತು, ಅದಕ್ಕೆ ಮೂರಕ್ಕೆ ಒಂದು. ಬೆಂಡೆ ಎಲೆಯ ಗುಣ ಅರ್ಧಕ್ಕೇ ನಿಲ್ಲುತ್ತದೆ, ಹಾಗಾಗಿ ನಡುವಿನದು ಕಣ್ಣಿಗೆ ಕಾಣುತ್ತದೆ. ಇದನ್ನು ನಾನು ಹೇಳುವಾಗ ಅವಳು ಕೇಳಿದ ಪ್ರಶ್ನೆ: “ಹಂಗಾದ್ರ ನಡುವಿನ ಗಿಡದ ಬೀಜ ಹಾಕಿದ್ರ ಮತ್ತ ಮೂರೂ ಬರತಾವೇನ್ರಿ?” ಬರುತ್ತವೆ. ಮುಂದಿನ ವರ್ಷದ ಪ್ರಯೋಗವನ್ನು ಅವಳೇ ಯೋಚಿಸಿ ಮುಗಿಸಿದ್ದಳು. ಕ್ಲಾಸಿನಲ್ಲಿ ಆ ಪ್ರಶ್ನೆ ಬರಲಿ ಅಂತ ನಾನು ವರ್ಷವರ್ಷವೂ ಕಾಯುತ್ತೇನೆ.

ಧಾರವಾಡದಲ್ಲಿ ಹತ್ತಿಯ ಕೆಲಸ ಮಾಡುವವರಿಗೆ ಹಿಂದಿನವರ ನೆನಪು ಕೂಡ ಒಂದು ಸುಖ. 1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲರು ಎಚ್-4 ತಂದರು, ವಾಣಿಜ್ಯವಾಗಿ ಬೆಳೆದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ. ಎರಡೇ ವರ್ಷಕ್ಕೆ ಇಲ್ಲಿ ಬಿ.ಎಚ್. ಕಾತರಕಿಯವರು ಎರಡು ಬೇರೆ ಬೇರೆ ಜಾತಿಗಳನ್ನೇ ಕೂಡಿಸಿ ವರಲಕ್ಷ್ಮಿ ಕೊಟ್ಟರು: ತಾಯಿ ನಮ್ಮ ಲಕ್ಷ್ಮಿ ಅನ್ನುವ ಅಮೆರಿಕನ್ ಹತ್ತಿ, ತಂದೆ ಬಾರ್ಬಡೆನ್ಸ್ ಜಾತಿಯ ಎಸ್‌ಬಿ 289 ಇ. ಆಗ ಧಾರವಾಡಕ್ಕೆ ತನ್ನದೇ ಕೃಷಿ ವಿಶ್ವವಿದ್ಯಾಲಯವೂ ಇರಲಿಲ್ಲ, ಅದು ಬಂದದ್ದು 1986ರಲ್ಲಿ. ಈ ಎರಡು ಜಾತಿ ಕೂಡುವುದು ಯಾಕೆಂದರೆ ಎರಡಕ್ಕೂ 52 ವರ್ಣತಂತುಗಳು. ನಮ್ಮ ಜವಾರಿ ಹತ್ತಿ ಜಯಧರಕ್ಕೆ 26 ಮಾತ್ರ. ಅದನ್ನು ಅಮೆರಿಕನ್ ಹತ್ತಿಗೆ ಕೂಡಿಸಿದರೆ 39ರ ಬಂಜೆ ಗಿಡ ಬರುತ್ತದೆ. ಕೈಯಿಂದ ಒಂದೊಂದೇ ಮೊಗ್ಗು ಬಿಡಿಸಿ ಹೈಬ್ರಿಡ್ ಬೀಜ ಮಾಡುವ ಆ ಕೆಲಸ ಮುಂದೆ ರಾಣೆಬೆನ್ನೂರು ಕಡೆ ಎಷ್ಟೋ ಮನೆಗಳ ದುಡಿಮೆಯಾಯಿತು.

ಇನ್ನೊಂದು ಖುಷಿ ಹತ್ತಿ ಬಿಡಿಸಿದ ಮೇಲಿನದು. ಆರಿಸಿದ ಗಿಡದ ಒಂದು ಬೀಜ ತೆಗೆದುಕೊಂಡು ಅದರ ಮೇಲಿನ ಅರಳೆಗೆ ನಡುವೆ ಬೈತಲೆ ತೆಗೆದು ಸಣ್ಣ ಬಾಚಣಿಗೆಯಿಂದ ಎರಡೂ ಕಡೆ ಬಾಚಿದರೆ ಎಳೆಗಳು ಚಿಟ್ಟೆಯ ರೆಕ್ಕೆಯಂತೆ ಹರಡಿ ನಿಲ್ಲುತ್ತವೆ. ಅಳತೆಪಟ್ಟಿ ಇಟ್ಟು ಉದ್ದ ಬರೆದುಕೊಳ್ಳುವುದು. ಲ್ಯಾಬಿನಲ್ಲಿ ಯಂತ್ರ ಇದೆ, ಅಂಕಿಗಳನ್ನು ಅದೇ ಕೊಡುತ್ತದೆ, ಪ್ರಬಂಧದಲ್ಲಿ ಹೋಗುವುದೂ ಅವೇ. ಆದರೂ ನಾನು ಬಾಚುವುದನ್ನು ಬಿಟ್ಟಿಲ್ಲ. ಎಳೆ ಎಷ್ಟು ನಯ, ಎಲ್ಲಿ ತುಂಡಾಗುತ್ತದೆ ಅನ್ನುವುದು ಬೆರಳಿಗೆ ಮೊದಲು ತಿಳಿಯುತ್ತದೆ.

ಪ್ರಬಂಧ, ಬಡ್ತಿ, ವೇದಿಕೆಯ ಶಾಲು ಬೇಡ ಅನ್ನುತ್ತಿಲ್ಲ. ಅವು ಕೆಲಸ ಮುಗಿದ ಮೇಲೆ ಬರುವಂಥವು. ಪ್ರಶ್ನೆಗೆ ಉತ್ತರ ಬರುವ ಹೊತ್ತಿನಲ್ಲಿ ಅವು ಯಾವುವೂ ನೆನಪಿಗೆ ಬರುವುದಿಲ್ಲ.

ಈಗ ತಲೆಯಲ್ಲಿರುವುದು ಎಲೆಯ ಮೇಲಿನ ರೋಮದ ಪ್ರಶ್ನೆ. ಒತ್ತಾಗಿ ರೋಮ ಇದ್ದರೆ ಜಿಗಿಹುಳು ಎಲೆಯ ಮೇಲೆ ನೆಲೆ ನಿಲ್ಲುವುದಿಲ್ಲ, ಆದರೆ ಅದೇ ಎಲೆ ಬಿಳಿನೊಣಕ್ಕೆ ಹಿಡಿಸುತ್ತದೆ. ಒಂದನ್ನು ತಡೆದರೆ ಇನ್ನೊಂದನ್ನು ಕರೆದಂತೆ. ಎರಡನ್ನೂ ತಾಳುವ ನಡುವಿನ ಮಟ್ಟ ಒಂದಿದೆಯೇ? ಅದಕ್ಕಾಗಿಯೇ ಮಾಡಿದ ಸಂಕರದ ಮೊದಲ ಪೀಳಿಗೆ ಈಗ ಕಾಯಿ ಕಟ್ಟುತ್ತಿದೆ. ಅದರ ಬೀಜ ಬರುವ ಮುಂಗಾರಿಗೆ ನೆಲಕ್ಕೆ ಬೀಳುತ್ತದೆ. ಎಣಿಸುವುದಕ್ಕೆ ಯಾರು ಬರಬೇಕು ಅನ್ನುವುದನ್ನು ಈಗಲೇ ಮಾತಾಡಿಟ್ಟಿದ್ದೇನೆ.