ಬಿಸಿಲಿಗೆ ಬಾವುಟದ ಕೆಂಪು ಉಳಿಸಿಕೊಂಡಿದ್ದು: ನನ್ನ ಅನುಭವ

ಸಬ್ಲಿಮೇಷನ್ ಪ್ರಿಂಟ್, ಅಂದರೆ ಕಾಗದದ ಮೇಲಿನ ಬಣ್ಣವನ್ನು ಶಾಖ ಕೊಟ್ಟು ಒತ್ತಿ ಪಾಲಿಯೆಸ್ಟರ್ ಬಟ್ಟೆಗೆ ಇಳಿಸುವ ಪ್ರಿಂಟ್, ಬಿಸಿಲಿಗೆ ತಡೆಯಲ್ಲ ಅಂತ ನಮ್ಮ ಲೈನಿನಲ್ಲಿ ಎಲ್ಲರೂ ಹೇಳುತ್ತಾರೆ. "ಜೆರ್ಸಿ ಮಾಡಿ, ಮಗ್ ಮಾಡಿ, ಬಾವುಟಕ್ಕೆ ಮಾತ್ರ ಕೈ ಹಾಕಬೇಡಿ ಸ್ವಾಮಿ" ಅಂತ ನನಗೂ ಹೇಳಿದ್ದರು. ಈಗ ತುಮಕೂರಿನಲ್ಲಿ ನಮ್ಮ ಅಂಗಡಿಯ ಕನ್ನಡ ಬಾವುಟ ನವೆಂಬರ್ 1ಕ್ಕೆ ಕಂಬ ಹತ್ತಿದರೆ ಗಣೇಶನ ಹಬ್ಬದವರೆಗೂ ಕೆಂಪು ಕೆಂಪಾಗಿಯೇ ಇರುತ್ತದೆ. ಆಗ ಬೇಡ ಅಂದವರೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ದುಡ್ಡು ಹೋದಾಗ. ಒಂದು ರಾಜ್ಯೋತ್ಸವಕ್ಕೆ ಆಟೊ ಸ್ಟ್ಯಾಂಡಿನವರು, ಸಂಘದವರು ಎಲ್ಲ ಸೇರಿ ಇನ್ನೂರರ ಮೇಲೆ ಬಾವುಟ ಮಾಡಿಸಿದರು. ಸ್ಕ್ರೀನ್ ಪ್ರಿಂಟ್ ಆಗಲ್ಲ, ಮಧ್ಯದಲ್ಲಿ ಫೋಟೋ ಬೇಕು, ಸ್ಟ್ಯಾಂಡಿಗೊಂದು ಹೆಸರು ಬೇಕು. ಸಂಕ್ರಾಂತಿ ಕಳೆಯುವಷ್ಟರಲ್ಲಿ "ಅಣ್ಣ, ನಮ್ಮ ಬಾವುಟ ರೋಸ್ ಕಲರ್ ಆಗಿದೆ" ಅಂತ ಒಬ್ಬೊಬ್ಬರೇ ಬಂದರು. ಫೋಟೋದ ಕಪ್ಪು ಕೂಡ ಕಂದು ಬಣ್ಣಕ್ಕೆ ತಿರುಗಿತ್ತು. ಅರ್ಧದಷ್ಟು ಹೊಸದಾಗಿ ಮಾಡಿಕೊಟ್ಟೆ. ಹದಿನೆಂಟು ಇಪ್ಪತ್ತು ಸಾವಿರ ಕೈಬಿಟ್ಟು ಹೋಯಿತು.

ಮೊದಲು ಇಂಕ್ ಬದಲಾಯಿಸಿದೆ. ಲೀಟರಿಗೆ ಸಾವಿರದ ಆಸುಪಾಸಿನದು ಬಿಟ್ಟು ಮೂರು ಸಾವಿರದ್ದು ತಂದೆ. ವ್ಯತ್ಯಾಸ ಇತ್ತು, ಆದರೆ ಕೊಟ್ಟ ದುಡ್ಡಿಗೆ ತಕ್ಕಷ್ಟಲ್ಲ. ಕಡಿಮೆ ಶಾಖಕ್ಕೇ ಆವಿಯಾಗಿ ಹಾರುವ ಸಯಾನ್‌ಗಳಲ್ಲಿ, ಅಂದರೆ ನೀಲಿ ಇಂಕುಗಳಲ್ಲಿ, ಹೆಚ್ಚಾಗಿ ಇರುವುದು ಡಿಸ್ಪರ್ಸ್ ಬ್ಲೂ 359 ಅನ್ನುವ ಬಣ್ಣ. ನಮ್ಮ ಕಪ್ಪು ಕಂದಾಗುವುದಕ್ಕೆ ನೀಲಿ ಮೊದಲು ಹೋಗುವುದೇ ಕಾರಣ. ಕಾರಿನ ಸೀಟು ಬಟ್ಟೆಗೆ ಹಾಕುವ ಡಿಸ್ಪರ್ಸ್ ಬ್ಲೂ 60 ಬಿಸಿಲಿಗೆ ಗಟ್ಟಿ. ಅದರ ಇಂಕನ್ನೂ ತರಿಸಿ ನೋಡಿದೆ. 210 ಡಿಗ್ರಿಗೆ ಒತ್ತಿದರೂ ಅರ್ಧ ಬಣ್ಣ ಕಾಗದದಲ್ಲೇ ಕೂತಿತ್ತು. ಶಾಖ ಇನ್ನೂ ಏರಿಸಿದರೆ ಬಿಳಿ ಬಟ್ಟೆ ಹಳದಿಗೆ ತಿರುಗುತ್ತದೆ, ಸ್ಯಾಟಿನ್ನಿನ ಹೊಳಪೂ ಸಾಯುತ್ತದೆ.

ಆಮೇಲೆ ಮೇಲಿಂದ ಯುವಿ ಸ್ಪ್ರೇ, ಅಂದರೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ಲೇಪ, ಹೊಡೆದೆ. ಡಬ್ಬಿಗೆ ಐನೂರು ಚಿಲ್ಲರೆ. ಬಟ್ಟೆ ರಟ್ಟಿನಂತಾಯಿತು, ಗಾಳಿಗೆ ಬಡಿದು ಬಡಿದು ಆ ಪದರ ಬಿರುಕು ಬಿಟ್ಟು ಉದುರಿತು. ಬಟ್ಟೆಯ ಮೇಲೆ ಲೇಪ ಹಾಕುವುದರಲ್ಲಿ ಏನೂ ಇಲ್ಲ. ಅಲ್ಲಿ ದುಡ್ಡು ಸುರಿಯಬೇಡಿ.

ದಾರಿ ಸಿಕ್ಕಿದ್ದು ಭೂತಗನ್ನಡಿಯಲ್ಲಿ. ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಅದು. ಬಣ್ಣ ಹೋದ ಬಾವುಟದಿಂದ ಒಂದು ದಾರ ಎಳೆದು, ಹೊಸ ಬ್ಲೇಡಿನಲ್ಲಿ ಅಡ್ಡ ಕೊಯ್ದು, ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಾಗದ ಒತ್ತಿದ್ದ ಬದಿಯ ಎಳೆಗಳಷ್ಟೇ ಬಣ್ಣ ಕುಡಿದಿದ್ದವು. ಒಳಗಿನವು ಹಾಲಿನಷ್ಟು ಬಿಳಿ. ನಾವೆಲ್ಲ 190 ಡಿಗ್ರಿ, 30 ಸೆಕೆಂಡಿಗೆ ಒತ್ತಿ ಎತ್ತಿಬಿಡುತ್ತೇವೆ. ಕಣ್ಣಿಗೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದು ಬರೀ ಮೇಲುಮೇಲೆ. 203-204 ಡಿಗ್ರಿ, ಹತ್ತಿರ ಹತ್ತಿರ ಒಂದು ನಿಮಿಷ ಕೊಟ್ಟು ಮತ್ತೆ ಕೊಯ್ದು ನೋಡಿದರೆ ಒಳಗಿನ ಎಳೆಗೂ ಕೆಂಪು ಇಳಿದಿತ್ತು. ಇಷ್ಟರಿಂದಲೇ ತಿಂಗಳೊಪ್ಪತ್ತು ಜಾಸ್ತಿ ಬಾಳಿಕೆ ಬಂತು. ಕರೆಂಟ್ ಖರ್ಚು ಏರಿತು, ದಿನಕ್ಕೆ ಆಗುವ ಪೀಸು ಕಡಿಮೆಯಾಯಿತು, ಅದು ಬೇರೆ ಮಾತು.

ಬಣ್ಣ ಆ ಶಾಖಕ್ಕೆ ಎಳೆಯ ಒಳಗೆ ಹೋಗುತ್ತದೆ ಅಂದಮೇಲೆ, ಬಿಸಿಲು ತಡೆಯುವ ಕೆಮಿಕಲ್ಲನ್ನೂ ಅದರ ಜೊತೆಗೇ ಯಾಕೆ ಕಳಿಸಬಾರದು? ಕಾರಿನ ಸೀಟು ಬಟ್ಟೆಗೆ ಡೈಯಿಂಗ್ ಮಾಡುವಾಗ ಯುವಿ ಅಬ್ಸಾರ್ಬರ್, ಅಂದರೆ ಆ ಕಿರಣ ಹೀರಿಕೊಳ್ಳುವ ಕೆಮಿಕಲ್, ಸೇರಿಸುತ್ತಾರೆ. ನಾನು ಅದನ್ನು ಪ್ರಿಂಟಿಗೆ ಮೊದಲೇ ಬಿಳಿ ಬಟ್ಟೆಗೆ ಕುಡಿಸಿದೆ. ಬೆಂಜೊಟ್ರಯಜೋಲ್ ಅನ್ನುವ ಕೆಮಿಕಲ್ ಜಾತಿಯದು, ಪಾಲಿಯೆಸ್ಟರಿಗೆ ಅಂತಲೇ ನೀರಲ್ಲಿ ಬೆರೆಸಿ ಹಾಲಿನಂತೆ ಬರುವ ಡಿಸ್ಪರ್ಷನ್ ಕೇಳಿ ತೆಗೆದುಕೊಳ್ಳಿ. ಪೇಂಟಿಗೆ ಹಾಕುವ ಪುಡಿ ನೀರಿಗೆ ಬೆರೆಯಲ್ಲ, ತಳಕ್ಕೆ ಕೂರುತ್ತದೆ. ನನಗೆ ಕೆಜಿಗೆ ಒಂಬೈನೂರರಿಂದ ಸಾವಿರ ರೂಪಾಯಿ ಬಿತ್ತು. ಲೀಟರ್ ನೀರಿಗೆ 40ರಿಂದ 50 ಗ್ರಾಂ. ಹುಳಿಗೆ ಸ್ವಲ್ಪ ಅಸಿಟಿಕ್ ಆಸಿಡ್. ಜೊತೆಗೆ ಇನ್ನೊಂದು ಸಾಮಾನು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಮುಕ್ಕಾಲು ಭಾಗ ಕೆಲಸ ಆಗುತ್ತದೆ.

ಬಕೆಟ್ಟಿನಲ್ಲಿ ಅದ್ದಿ ಕೈಯಲ್ಲಿ ಹಿಂಡಿದಾಗ ಬಟ್ಟೆ ಪಟ್ಟೆ ಪಟ್ಟೆ ಹೀರಿಕೊಂಡಿತ್ತು. ಹಿಂಡುವುದು ಒಂದೇ ಸಮ ಆಗಬೇಕು. ಹಾಗೆ ಅದ್ದಿ ಹಿಂಡುವ ಪ್ಯಾಡಿಂಗ್ ಮಷೀನ್ ಲಕ್ಷಗಳ ಮಾತು. ಅಂತರಸನಹಳ್ಳಿಯ ಲೇತ್ ಶಾಪಿನಲ್ಲಿ ಎರಡು ರಬ್ಬರ್ ರೋಲರ್, ಸ್ಪ್ರಿಂಗು, ಕೈಯಲ್ಲಿ ತಿರುಗಿಸುವ ಹಿಡಿ ಹಾಕಿಸಿದೆ. ಒಟ್ಟು ಹನ್ನೊಂದು ಸಾವಿರದ ಸುಮಾರು. ನೂರು ಗ್ರಾಂ ಬಟ್ಟೆ ಹಿಂಡಿದಮೇಲೆ 165 ಗ್ರಾಂ ತೂಗಬೇಕು, ಸ್ಪ್ರಿಂಗ್ ಬಿಗಿ ಅಲ್ಲಿಗೆ ಹೊಂದಿಸಿಕೊಳ್ಳಿ. ನೆರಳಲ್ಲಿ ಒಣಗಿಸಿ, ಮಾಮೂಲಿನಂತೆ ಪ್ರೆಸ್ಸಿಗೆ. ಹೊಗೆ ಜಾಸ್ತಿ ಬರುತ್ತದೆ, ಎಕ್ಸಾಸ್ಟ್ ಫ್ಯಾನ್ ಇರಲೇಬೇಕು.

ಪರೀಕ್ಷೆ ಮಾಡಿದ್ದು ತಾರಸಿಯಲ್ಲಿ, ಮಾರ್ಚಿನಿಂದ ಮೇ ತನಕ. ಹಳೇ ತುಂಡು, ಹೊಸ ತುಂಡು, ನಡುವೆ ಬ್ಲೂ ವುಲ್ ಪಟ್ಟಿ (ಬಣ್ಣ ಬಿಸಿಲಿಗೆ ಎಷ್ಟು ತಡೆಯುತ್ತದೆ ಅಂತ ಅಳೆಯುವ ನೀಲಿ ಉಣ್ಣೆಯ ತುಂಡುಗಳು), ಮೂರನ್ನೂ ಒಂದೇ ಹಲಗೆಗೆ ಹೊಡೆದು ಅರ್ಧರ್ಧ ರಟ್ಟು ಮುಚ್ಚಿದ್ದೆ. ಆ ಪಟ್ಟಿಯಲ್ಲಿ 1ರಿಂದ 8ರವರೆಗೆ ಇರುತ್ತದಲ್ಲ, ಒಂದೊಂದು ಮೆಟ್ಟಿಲಿಗೂ ತಡೆಯುವ ಕಾಲ ಹೆಚ್ಚುಕಡಿಮೆ ದುಪ್ಪಟ್ಟು. ಹಳೇ ಕೆಂಪು 3ರ ಜೊತೆ ಹೋಗಿತ್ತು. ಹೊಸದು 5 ದಾಟಿತು. ರಟ್ಟು ತೆಗೆದಾಗ ಹಳೇ ತುಂಡಿನಲ್ಲಿ ಗೆರೆ ಎಳೆದಂತೆ ಎರಡು ಬಣ್ಣ. ಹೊಸದರಲ್ಲಿ ಗೆರೆ ಹುಡುಕಬೇಕಾಯಿತು. ಆ ಹಲಗೆ ಇನ್ನೂ ಅಂಗಡಿಯಲ್ಲಿದೆ, ಚೌಕಾಸಿಗೆ ಬಂದವರಿಗೆ ಅದನ್ನೇ ತೋರಿಸುತ್ತೇನೆ.

ನಡುವೆ ಒಂದು ಉಪಪ್ರಯೋಗ. ಮಳೆಗೆ ಇರಲಿ ಅಂತ ಪ್ರಿಂಟ್ ಆದಮೇಲೆ ಸಿಲಿಕೋನ್ ಸಾಫ್ಟ್‌ನರ್ ಹಾಕಿದೆ. ನೀರು ಜಾರಿತು ನಿಜ, ಆದರೆ ಬಣ್ಣ ಮತ್ತೆ ಮೇಲಕ್ಕೆ ಬಂದು ಬಿಳಿ ಪಟ್ಟಿಗೆಲ್ಲ ಹತ್ತಿತು. ಅದನ್ನು ಅಲ್ಲಿಗೇ ಬಿಟ್ಟೆ. ಇನ್ನೊಂದು ಮಾತ್ರ ಚೆನ್ನಾಗಿ ಬಂತು: ಸಮಾಧಿ ಕಲ್ಲಿಗೆ ಹಚ್ಚುವ ಅಲ್ಯೂಮಿನಿಯಂ ಫೋಟೋ. ಅಲ್ಲಿ ಬಣ್ಣ ಇರುವುದು ಮೇಲಿನ ತೆಳು ಕೋಟಿಂಗಿನಲ್ಲಿ, ಅದಕ್ಕೆ ಕುಡಿಸುವ ಮಾತಿಲ್ಲ. ಕಾರ್ ಪೇಂಟಿಂಗ್ ಮಾಡುವವರ ಹತ್ತಿರ ಹಾರ್ಡನರ್ ಬೆರೆಸುವ ಕ್ಲಿಯರ್ ಕೋಟ್ ಎರಡು ಕೈ ಹೊಡೆಸಿದೆ. ಬಟ್ಟೆಗೆ ಸೋತ ಲೇಪ ತಗಡಿಗೆ ಗೆದ್ದಿತು. ಎರಡು ಬೇಸಿಗೆ ಕಂಡ ಫೋಟೋಗಳಲ್ಲಿ ಮುಖದ ಬಣ್ಣ ಇನ್ನೂ ಹಾಗೇ ಇದೆ.

ಪ್ರೊಫೈಲಿನಲ್ಲೂ, ಅಂದರೆ ಯಾವ ಬಣ್ಣಕ್ಕೆ ಯಾವ ಇಂಕ್ ಎಷ್ಟು ಅಂತ ಪ್ರಿಂಟರಿಗೆ ಹೇಳುವ ಸೆಟ್ಟಿಂಗಿನಲ್ಲೂ, ಒಂದು ಕೆಲಸ ಇದೆ. ಒಂಟಿಯಾಗಿ ತಡೆಯುವ ಬಣ್ಣ ಇನ್ನೊಂದರ ಜೊತೆ ಸೇರಿದಾಗ ಬೇಗ ಹೋಗುವುದುಂಟು. ಬಾವುಟದ ಕೆಂಪಿನಲ್ಲಿ ಸಯಾನ್ ಒಂದು ಹನಿಯೂ ಇರದಂತೆ ನೋಡಿಕೊಳ್ಳಿ. ಕೆಂಪು, ಹಳದಿ ಎರಡಕ್ಕೂ ಇಂಕ್ ಧಾರಾಳವಾಗಿ ಬಿಡಿ, ತೆಳು ಬಣ್ಣ ಯಾವತ್ತೂ ಮೊದಲು ಹೋಗುತ್ತದೆ. ಕಪ್ಪನ್ನು ನಾನು ಹೇಗೆ ಕಟ್ಟುತ್ತೇನೆ ಅನ್ನುವುದನ್ನು ಸದ್ಯಕ್ಕೆ ಹೇಳಲ್ಲ.

ಲೆಕ್ಕ ಇಷ್ಟು. ಕೆಮಿಕಲ್ಲು, ಕೂಲಿ, ಹೆಚ್ಚಿನ ಕರೆಂಟು ಸೇರಿ ಮೀಟರಿಗೆ ಏಳೆಂಟು ರೂಪಾಯಿ ಜಾಸ್ತಿ. ಬಾವುಟಕ್ಕೆ ಇಪ್ಪತ್ತೈದು ಜಾಸ್ತಿ ಹೇಳುತ್ತೇನೆ, ಕೊಡುತ್ತಾರೆ. ಹೋದ ಸಲ ಬಣ್ಣ ಹೋಯಿತು ಅಂತ ಒಂದೂ ವಾಪಸ್ ಬಂದಿಲ್ಲ. ಬಂದಿದ್ದೆಲ್ಲ ಅಂಚು ಹರಿದವು, ಈಗ ಅಂಚಿಗೆ ಎರಡು ಹೊಲಿಗೆ ಹಾಕಿಸುತ್ತಿದ್ದೇನೆ. ಬಣ್ಣ ಹೋಗುವುದು ಪೂರ್ತಿ ನಿಂತಿಲ್ಲ, ನಿಧಾನ ಆಗಿದೆ, ಗಿರಾಕಿಗೂ ಹಾಗೇ ಹೇಳುತ್ತೇನೆ. ಫ್ಲೋರೊಸೆಂಟ್ ಗುಲಾಬಿ, ಫ್ಲೋರೊಸೆಂಟ್ ಹಳದಿ ಎರಡಕ್ಕೂ ಈ ಉಪಾಯ ನಡೆಯಲಿಲ್ಲ, ಹೊರಗಡೆಗೆ ಅಂತ ಕೇಳಿದರೆ ಆ ಆರ್ಡರ್ ನಾನು ತೆಗೆದುಕೊಳ್ಳುವುದಿಲ್ಲ.