91 ಅಂಕದ ಕಟ್ಟಡ ಮತ್ತು ಒಂದು ಕಟ್ಟು ಊದುಬತ್ತಿ

ಬೆಂಗಳೂರಲ್ಲಿ ಆಫೀಸು ಕಟ್ಟಡಗಳ ಸೇಫ್ಟಿ ಆಡಿಟ್ ಮಾಡೋಕೆ ಶುರುಮಾಡಿ ಹನ್ನೊಂದು ವರ್ಷ ಆಗಿರಬೇಕು. ಮೊದಮೊದಲು ನಾನೂ ಎಲ್ಲರ ಹಾಗೆ ಟಿಕ್ ಹಾಕಿದವನೇ. ಸುಮಾರು 180 ಪ್ರಶ್ನೆ, ಎಲ್ಲಕ್ಕೂ ಒಂದೊಂದೇ ಅಂಕ. ಎಕ್ಸಿಟ್ ಬೋರ್ಡ್ ಇದೆಯಾ, ಒಂದು ಅಂಕ. ಮೆಟ್ಟಿಲ ಬಾಗಿಲು ತೆರೆಯುತ್ತಾ, ಅದಕ್ಕೂ ಒಂದೇ.

ಹೊರವರ್ತುಲ ರಸ್ತೆಯ ಒಂದು ಎಂಟು ಮಹಡಿ ಕಟ್ಟಡಕ್ಕೆ ಹೀಗೆ ನೂರಕ್ಕೆ 91 ಕೊಟ್ಟು ಬಂದಿದ್ದೆ. ಮೂರು ವಾರ ಬಿಟ್ಟು, ಅಲ್ಲೇ ಮರೆತಿದ್ದ ಟಾರ್ಚ್ ತರೋಣ ಅಂತ ರಾತ್ರಿ ಎಂಟಕ್ಕೆ ಹೋದರೆ ಹಿಂದಿನ ಮೆಟ್ಟಿಲ ಬಾಗಿಲಿಗೆ ಸರಪಳಿ, ಬೀಗ. "ಕಳ್ಳತನ ಆಗುತ್ತೆ ಸಾರ್, ಏಳಾದ ಮೇಲೆ ಹಾಕ್ತೀವಿ" ಅಂದರು ಸೆಕ್ಯುರಿಟಿಯವರು. ಐದನೇ ಮಹಡಿಯಲ್ಲಿ ನೈಟ್ ಶಿಫ್ಟ್ ನಡೀತಾ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಹಾಳೆಯನ್ನೇ ಬದಲಿಸಿದೆ. ಪ್ರಾಣಕ್ಕೆ ನೇರ ತಗಲುವ ಏಳು ಸಂಗತಿ ಬೇರೆ ತೆಗೆದೆ. ಅದರಲ್ಲಿ ಒಂದು ಫೇಲಾದರೂ ಕಟ್ಟಡ ಫೇಲ್, ಮಿಕ್ಕ ಅಂಕ ಲೆಕ್ಕಕ್ಕಿಲ್ಲ. "ಇದೆಯಾ" ಅಂತ ಕೇಳೋದು ಬಿಟ್ಟು "ಮಾಡಿ ತೋರಿಸಿ" ಅನ್ನೋಕೆ ಶುರುಮಾಡಿದೆ. ಮೇಲಿನ ಮಹಡಿಯ ಹೈಡ್ರಂಟ್ (ಬೆಂಕಿ ಆರಿಸೋ ನೀರಿನ ಕೊಳಾಯಿ) ತೆರೆಸಿ, ಗೇಜ್ ಹಾಕಿ, ಚದರ ಸೆಂಟಿಮೀಟರಿಗೆ 3.5 ಕೆಜಿ ಒತ್ತಡ ನಿಲ್ಲುತ್ತಾ ನೋಡೋದು. ಎಷ್ಟೋ ಕಡೆ ಒಂದು ನಿಮಿಷ ಕಾದರೂ ಪಂಪ್ ಏಳಲ್ಲ. ಕೆಳಗೆ ಹೋದರೆ ಪ್ಯಾನೆಲ್‌ನ ಸ್ವಿಚ್ ಆಟೋ ಬದಲು ಮ್ಯಾನುಯಲ್‌ನಲ್ಲಿ ಕೂತಿರುತ್ತೆ. ಪಂಪ್ ಇದೆ, ಸರ್ವಿಸ್ ಬಿಲ್ ಇದೆ, ನೀರಿಲ್ಲ.

ನನ್ನ ಪಾರ್ಟ್ನರ್ ಬೈದ. "ಎಲ್ಲರನ್ನೂ ಫೇಲ್ ಮಾಡಿದರೆ ದುಡ್ಡು ಕೊಡೋರು ಯಾರು?" ಅವನು ಹೇಳಿದ್ದೂ ಸುಳ್ಳಲ್ಲ. ಮೊದಲ ವರ್ಷ ಐದಾರು ಗಿರಾಕಿಗಳು ಕೈಬಿಟ್ಟರು, ಎರಡೂವರೆ ಮೂರು ಲಕ್ಷ ಹೋಯಿತು. ಮನೆಯಲ್ಲಿ ಸ್ಕೂಟರ್ ಮಾರೋ ಮಾತೂ ಬಂತು.

ಊದುಬತ್ತಿ ಕಥೆ ಹೇಳಲೇಬೇಕು. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತದ್ದು ನಮ್ಮ ಕಸುಬಿನವರಿಗೆ ಮರೆಯಲ್ಲ. ಅಲ್ಲಿ ಬೆಂಕಿಗಿಂತ ಹೊಗೆಯೇ ಜಾಸ್ತಿ ಕೆಲಸ ಕೆಡಿಸಿತು. ಅದಕ್ಕೇ ಕೇಬಲ್ ಡಕ್ಟ್, ಅಂದರೆ ವೈರುಗಳು ಮಹಡಿಯಿಂದ ಮಹಡಿಗೆ ಹೋಗೋ ದಾರಿ, ಕಂಡರೆ ನನಗೆ ಭಯ; ಹೊಗೆಯೂ ಅದರಲ್ಲೇ ಏರುತ್ತೆ. ಹೊಗೆ ಪರೀಕ್ಷೆಗೆ ದುಬಾರಿ ಸಾಮಾನು ಸಿಗುತ್ತೆ, ನಾನು ಇಪ್ಪತ್ತು ರೂಪಾಯಿ ಊದುಬತ್ತಿ ತಗೊಂಡೆ. ಎರಡನೇ ಮಹಡಿಯ ಡಕ್ಟ್ ಬಾಗಿಲ ಸಂದಿಗೆ ಹಿಡಿದರೆ ಹೊಗೆ ಸರ್ರನೆ ಒಳಗೆ ಎಳೆದುಕೊಂಡಿತು, ಆರನೇ ಮಹಡಿಯಲ್ಲಿ ದೇವಸ್ಥಾನದ ಪರಿಮಳ! ಸ್ಲ್ಯಾಬ್ ತೂತುಗಳನ್ನು ಯಾರೂ ಮುಚ್ಚಿರಲೇ ಇಲ್ಲ. ಇನ್ನೊಂದು ಕಡೆ ಜಾಸ್ತಿ ಹಚ್ಚಿ ಅಲಾರಂ ಹೊಡೆಸಿಬಿಟ್ಟೆ, ಮ್ಯಾನೇಜರ್ ಕೈಲಿ ಸಿಕ್ಕಾಪಟ್ಟೆ ಬೈಸಿಕೊಂಡೆ. ಆದರೆ ಅಷ್ಟು ಹೊತ್ತು ಅಲಾರಂ ಬಡಿದುಕೊಂಡರೂ ಒಬ್ಬರೂ ಸೀಟಿಂದ ಏಳಲಿಲ್ಲ. ಅದನ್ನೂ ರಿಪೋರ್ಟಿಗೆ ಹಾಕಿದೆ.

ಸುಮ್ನೆ ಕುತೂಹಲಕ್ಕೆ ಏಳೆಂಟು ಸಾವಿರ ಕೊಟ್ಟು ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ಕೊಂಡಿದ್ದೆ. ಹೊರಗೆ 430 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 430 ಭಾಗ) ತೋರಿಸಿತು. ಹದಿನಾಲ್ಕು ಜನ ಕೂತ ಮೀಟಿಂಗ್ ರೂಮಲ್ಲಿ ಮುಕ್ಕಾಲು ಗಂಟೆಗೆ 1900 ದಾಟಿತು. ಎಸಿ ಬಿಲ್ ಉಳಿಸೋಕೆ ಹೊರಗಿನ ಗಾಳಿ ಒಳಬಿಡುವ ಡ್ಯಾಂಪರ್ (ತೆರೆದು ಮುಚ್ಚುವ ಕವಾಟ) ಮುಚ್ಚಿದ್ದರು. ಮಧ್ಯಾಹ್ನ ಎಲ್ಲರಿಗೂ ತಲೆನೋವು ಯಾಕೆ ಅಂತ ಎಚ್‌ಆರ್‌ನವರು ಒಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದರಂತೆ.

ರಾತ್ರಿ ಕಾವಲಿನವರಿಗೆ ನಾನು ಮೊದಲು ಕೇಳೋ ಪ್ರಶ್ನೆ ಒಂದಿದೆ. ಅರ್ಧ ಆಡಿಟ್ ಅಲ್ಲೇ ಮುಗಿಯುತ್ತೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು ಅಲ್ವಾ.

ಆ 91ರ ಕಟ್ಟಡಕ್ಕೆ ಹೊಸ ಹಾಳೆ ಹಿಡಿದು ಎರಡನೇ ಸಲ ಹೋಗಿ ನಾನು ಫೇಲ್ ಅಂದಾಗ ಮಾಲೀಕರು ಕಾಫಿನೂ ಕೊಡದೆ ಕಳಿಸಿದ್ದರು. ಆರು ತಿಂಗಳಾದ ಮೇಲೆ ಅವರೇ ಫೋನ್ ಮಾಡಿದರು. ಡಕ್ಟ್ ಮುಚ್ಚಿಸಿ, ಸರಪಳಿ ಕಿತ್ತು, ತಳ್ಳಿದರೆ ತೆರೆದು ಅಲಾರಂ ಕೂಗುವ ಪ್ಯಾನಿಕ್ ಬಾರ್ ಹಾಕಿಸಿದರು, ಒಟ್ಟು ನಾಲ್ಕು ಲಕ್ಷದ ಹತ್ತಿರ. ಡ್ರಿಲ್‌ನಲ್ಲಿ ಎಲ್ಲರೂ ಹೊರಬರೋಕೆ ಹದಿನಾಲ್ಕು ನಿಮಿಷ ಹಿಡಿಯುತ್ತಿದ್ದದ್ದು ಈಗ ಆರಕ್ಕೆ ಇಳಿದಿದೆ. ಅವರ ಮಾತಿನಿಂದಲೇ ಮತ್ತೆ ನಾಲ್ಕು ಕಟ್ಟಡ ಸಿಕ್ಕವು, 40 ಸಾವಿರ ಇದ್ದ ಫೀಸು 65 ಆಯಿತು. ಸರಪಳಿ ತೆಗೆದ ಮೇಲೆ ಅಲ್ಲಿ ಕಳ್ಳತನ ಆಗಿದ್ದು ಒಂದೇ ಸಲ, ಒಂದು ಲ್ಯಾಪ್‌ಟಾಪ್. ಅದೂ ಮುಂದಿನ ಬಾಗಿಲಿಂದ.